ಕೈಗುಣದಿಂದ ಗದ್ದುಗೆಗೆ

“ಅವರ ಕೈಗುಣ ಚಲೋ ಐತಿ” ಎಂಬ ಮಾತನ್ನು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಜನ ಎಂ.ಬಿ.ಬಿ.ಎಸ್. ಡಾಕ್ಟರಿಗೂ ಹೇಳುತ್ತಾರೆ, ಗಾಂವಠಿ ಔಷಧ ಕೊಡುವ ಅಜ್ಜನಿಗೂ ಹೇಳುತ್ತಾರೆ. ಗುಳಿಗೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬೇಲಿಯ ಎಲೆ ಎಲ್ಲರ ಕಣ್ಣಿಗೂ ಬೀಳುತ್ತದೆ; ಆದರೆ ಬೇನೆ ಇಳಿಯುವುದು ಕೊಟ್ಟ ಕೈಯಿಂದ ಎಂಬುದು ಆ ಶಬ್ದದ ಅರ್ಥ. ಕಾಮಣಿಗೆ ಔಷಧ ಕೊಡುವ ಪದ್ಧತಿಯನ್ನೇ ನೋಡಿ. ಹೊತ್ತು ಹುಟ್ಟುವ ಮುಂಚೆ ಹಸಿದ ಹೊಟ್ಟೆಯಲ್ಲಿ ಬರಬೇಕು. ಒಳಗೆ ಅರೆದು ತಂದ ಹಸಿರು ಮುದ್ದೆಯನ್ನು ಅಜ್ಜ ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಕುಡಿಸುತ್ತಾನೆ. ಬಹಳ ಸಲ ಅದು ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ನೆಲನೆಲ್ಲಿ; ಆದರೆ ಆ ಹೆಸರನ್ನು ಅವನು ಬಾಯಿ ಬಿಟ್ಟು ಹೇಳುವುದಿಲ್ಲ. ಉಪ್ಪು, ಎಣ್ಣೆ, ಖಾರ ಬಿಡಬೇಕೆಂದು ಪಥ್ಯ ಹೇಳುತ್ತಾನೆ. ಕೊಡಲು ಹೋದ ನೋಟನ್ನು ಹಿಂದಕ್ಕೆ ಸರಿಸುತ್ತಾನೆ: ರೊಕ್ಕ ಮುಟ್ಟಿದರೆ ಔಷಧ ನಾಟುವುದಿಲ್ಲ. ಎಲೆ-ಅಡಿಕೆ, ಒಂದು ತೆಂಗಿನಕಾಯಿ, ಅಷ್ಟೇ. ಹಳ್ಳಿಯ ಒಬ್ಬ ವೈದ್ಯ ಸಂತನಾಗಿ, ಆಮೇಲೆ ಪುರಾಣವಾಗಿ ಬೆಳೆಯುವುದರ ಬೀಜ ಹಿಂದಕ್ಕೆ ಸರಿದ ಆ ನೋಟಿನಲ್ಲಿದೆ ಎಂಬುದು ನನ್ನ ವಾದ.

ಜನ ಪವಾಡ ಕಂಡರು, ಕಂಡು ನಂಬಿದರು, ನಂಬಿ ಗುಡಿ ಕಟ್ಟಿದರು ಎಂಬ ವಿವರಣೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಗುಣ ಮಾಡಿದ ಕೈಗಳು ಊರಿಗೊಂದಾದರೂ ಇದ್ದವು; ಗದ್ದುಗೆಯಾದವರು ಬೆರಳೆಣಿಕೆಯ ಮಂದಿ. ಈ ಅಂತರವನ್ನು ಪವಾಡ ಬಿಡಿಸಿ ಹೇಳಲಾರದು, ಋಣ ಹೇಳುತ್ತದೆ. ಕೊಟ್ಟದ್ದನ್ನು ಮರಳಿ ಕೊಡುವವರೆಗೆ ಪಡೆದವನು ಕೊಟ್ಟವನಿಗೆ ಕಟ್ಟುಬಿದ್ದಿರುತ್ತಾನೆ ಎಂದು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್ 1925ರಲ್ಲಿ ದಾನದ ಕುರಿತ ತನ್ನ ಪ್ರಬಂಧದಲ್ಲಿ ತೋರಿಸಿದ. ನಮ್ಮ ಹಳ್ಳಿಗಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ದುಡ್ಡು ಕೊಟ್ಟು ಕೊಂಡ ಗುಳಿಗೆಯ ಲೆಕ್ಕ ಅಂಗಡಿಯ ಗಲ್ಲೆಯಲ್ಲೇ ಚುಕ್ತಾ ಆಗುತ್ತದೆ. ಜೀವ ಉಳಿಸಿದವನು ಏನನ್ನೂ ಮುಟ್ಟದೆ ಕಳಿಸಿದರೆ ಲೆಕ್ಕ ತೆರೆದೇ ಇರುತ್ತದೆ. ಅದನ್ನು ತೀರಿಸಲು ಬಡವನ ಹತ್ತಿರ ಇರುವುದು ಬಾಯಿ ಮಾತು. ಅವನು ಸಂತೆಯಲ್ಲಿ, ಬಂಡಿಯಲ್ಲಿ, ಬೀಗರ ಮನೆಯಲ್ಲಿ ಆ ಅಜ್ಜನ ಕಥೆ ಹೇಳುತ್ತಾನೆ. ಎಲೆಯ ಹೆಸರನ್ನು ಅವನಿಗೆ ಯಾರೂ ಹೇಳಿಲ್ಲವಾದ್ದರಿಂದ ಕಥೆಯಲ್ಲಿ ಎಲೆ ಇರುವುದಿಲ್ಲ, ಕೈ ಮಾತ್ರ ಇರುತ್ತದೆ. ಋಣ ದೊಡ್ಡದೆಂದು ತೋರಿಸಲು ಬೇನೆಯೂ ದೊಡ್ಡದಾಗುತ್ತ ಹೋಗುತ್ತದೆ: ಜ್ವರವಿದ್ದದ್ದು ಸನ್ನಿಯಾಗುತ್ತದೆ, ಸನ್ನಿ ಸಾವಿನ ಬಾಗಿಲಾಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಆ ಕೈಯೂ ಮಾಯವಾಗಿ ಅದು ಮುಟ್ಟಿದ ಅಂಗಾರವೋ, ಅದು ಮಿಂದ ನೀರೋ ಉಳಿಯುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಸಾಲ ತೀರಿಸಿದ್ದಾರೆ.

ಈ ದಾರಿಯ ಕೊನೆಯ ಹಂತ ಹೇಗಿರುತ್ತದೆಂದು ನೋಡಬೇಕಾದರೆ ನವಲಗುಂದ ತಾಲ್ಲೂಕಿನ ಯಮನೂರಿಗೆ ಹೋಗಬೇಕು. ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯ ಹತ್ತಿರ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆಹೊಲಗಳನ್ನು ಸೀಳಿಕೊಂಡು ಮಲಪ್ರಭೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಬೆಳೆ ನುಂಗುವ ಹಳ್ಳ ಅದು. ಬೇಸಿಗೆಯ ಹೊತ್ತಿಗೆ ಕಪ್ಪು ಮಣ್ಣಿನ ನಡುವೆ ತೆಳ್ಳಗೆ ಹರಿಯುವ ಬಗ್ಗಡದ ನೀರು. ಹೋಳಿ ಹುಣ್ಣಿಮೆ ಕಳೆದ ಮೇಲೆ ಬರುವ ಜಾತ್ರೆಯಲ್ಲಿ ಸುತ್ತಣ ಜಿಲ್ಲೆಗಳ ಜನ ಆ ನೀರಿನಲ್ಲಿ ಮುಳುಗಿ ಏಳುತ್ತಾರೆ, ಚರ್ಮದ ಬೇನೆ ಹೋಗುತ್ತದೆ ಎಂದು. ಎಣ್ಣೆಯ ಬದಲು ಆ ಹಳ್ಳದ ನೀರಿನಿಂದಲೇ ದೀಪ ಉರಿಯುತ್ತದೆ ಎಂಬುದು ಊರಿನ ಪ್ರತೀತಿ. ಒಳಗಿರುವ ಗದ್ದುಗೆಗೆ ಎರಡು ಹೆಸರು. ಒಬ್ಬರ ಪಾಲಿಗೆ ಅವನು ಚಾಂಗದೇವ, ಇನ್ನೊಬ್ಬರ ಪಾಲಿಗೆ ರಾಜಾ ಬಾಗಸವಾರ, ಅಂದರೆ ಹುಲಿ ಏರಿದವನು. ಹಾವನ್ನು ಚಾಟಿ ಮಾಡಿಕೊಂಡು ಹುಲಿಯ ಮೇಲೆ ಬಂದ ಚಾಂಗದೇವನನ್ನು ಜ್ಞಾನೇಶ್ವರ ಗೋಡೆಯ ಮೇಲೆ ಕುಳಿತೇ ಎದುರುಗೊಂಡ ಎಂಬ ಕಥೆ ಮಹಾರಾಷ್ಟ್ರದಲ್ಲಿ ಮನೆಮಾತು. ಹುಲಿ ಏರಿದ ಸಂತರು ಸೂಫಿ ಕಥೆಗಳಲ್ಲೂ ದೇಶದ ತುಂಬ ಇದ್ದಾರೆ.

ಯಮನೂರಿನಲ್ಲಿ ಯಾವ ಎಲೆಯೂ ಉಳಿದಿಲ್ಲ, ಯಾವ ಪಥ್ಯವೂ ಉಳಿದಿಲ್ಲ. ಗುಣ ಮಾಡಿದವನ ಚಹರೆಯನ್ನು ಹುಲಿ ಮುಚ್ಚಿಬಿಟ್ಟಿದೆ. ಆದರೆ ಗುಣವಾದವರ ಗುರುತು ಇಂದಿಗೂ ಓಡಾಡುತ್ತಿದೆ. ಯಮನೂರಪ್ಪ, ಯಮನೂರಸಾಬ, ಯಮನವ್ವ ಎಂಬ ಹೆಸರುಗಳನ್ನು ಗದಗ, ಕೊಪ್ಪಳ, ರಾಯಚೂರಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ಹುಡುಕಿದರೆ ಸಿಗುತ್ತವೆ. ಬೇಡಿಕೊಂಡು ಹುಟ್ಟಿದ, ಬೇಡಿಕೊಂಡು ಉಳಿದ ಮಗುವಿಗೆ ಆ ಹೆಸರನ್ನೇ ಇಡುವುದು ಸಾಲಪತ್ರಕ್ಕೆ ರುಜು ಹಾಕಿದ ಹಾಗೆ. “ನಾವು ಯಮನೂರಿಗೆ ನಡಕೋತೀವಿ” ಎನ್ನುವ ಮನೆತನಗಳಲ್ಲಿ ಜಾತಿ, ಮತ ಎರಡೂ ಬೇರೆ ಬೇರೆ. ನಡೆದುಕೊಳ್ಳುವುದು ಎಂಬ ಈ ಮಾತು ನನಗೆ ಬಹಳ ಮುಖ್ಯ. ಅದರಲ್ಲಿ ನಂಬಿಕೆಯ ಪ್ರಶ್ನೆ ಹಿಂದಿದೆ, ವರ್ಷಕ್ಕೊಮ್ಮೆ ಹೋಗಿ ಮುಟ್ಟಿಸಿ ಬರುವ ಬಾಧ್ಯತೆ ಮುಂದಿದೆ. ಅಜ್ಜ ಬೇನೆ ಕಳೆದದ್ದು ನಿಜವೇ ಎಂಬ ಅನುಮಾನ ಇರುವವನೂ ಮುತ್ತಾತ ಹೊತ್ತ ಹರಕೆಯನ್ನು ತಪ್ಪಿಸುವುದಿಲ್ಲ.

ಪಕ್ಕದ ಸವದತ್ತಿಯಲ್ಲಿ ಇದೇ ಕಥೆ ತಿರುವುಮುರುವಾಗಿದೆ. ಕುಷ್ಠದಿಂದ ನೊಂದ ರೇಣುಕೆಯನ್ನು ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧುಗಳು ಗುಣಪಡಿಸಿದರು ಎನ್ನುತ್ತದೆ ಎಲ್ಲಮ್ಮನ ಐತಿಹ್ಯ; ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುವ ಭಕ್ತರು ಆ ಚಿಕಿತ್ಸೆಯನ್ನೇ ಮತ್ತೆ ಮಾಡುತ್ತಾರೆ. ಅಲ್ಲಿ ದೇವಿಯಾದವಳು ಗುಣವಾದವಳು.

ಯಾರ ಋಣ ಗದ್ದುಗೆಯಾಗುತ್ತದೆ ಎಂಬುದಕ್ಕೆ ನವಲಗುಂದದ ಅಜಾತ ನಾಗಲಿಂಗ ಸ್ವಾಮಿಗಳ ಬದುಕು ಒಂದು ಸುಳಿವು ಕೊಡುತ್ತದೆ. ರಾಯಚೂರು ಸೀಮೆಯ ಜವಳಗೇರಿಯಲ್ಲಿ ವಿಶ್ವಕರ್ಮರ ಮನೆಯಲ್ಲಿ ಹುಟ್ಟಿ, ಅಲೆದು, 1881ರಲ್ಲಿ ನವಲಗುಂದದಲ್ಲಿ ಸಮಾಧಿಯಾದವರು ಅವರು. ಶಿಶುನಾಳದ ಶರೀಫರು, ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರು, ಗರಗದ ಮಡಿವಾಳೇಶ್ವರರು, ಹುಬ್ಬಳ್ಳಿಯ ಸಿದ್ಧಾರೂಢರು ಎಲ್ಲರೂ ಹೆಚ್ಚುಕಡಿಮೆ ಒಂದೇ ಕಾಲದವರು, ಒಬ್ಬರ ಕಥೆಯಲ್ಲಿ ಇನ್ನೊಬ್ಬರು ಬಂದು ಹೋಗುವವರು. ಅಜಾತ ಎಂದರೆ ಹುಟ್ಟದವನು. ಸಂಸಾರವಿಲ್ಲ, ಮಕ್ಕಳಿಲ್ಲ, ಹೊಲಮನೆಯಿಲ್ಲ. ಔಷಧ ಕೊಡುವವನಿಗೆ ಮಗನಿದ್ದರೆ ಎಲೆಯ ಗುಟ್ಟು ಮಗನಿಗೆ ಹೋಗುತ್ತದೆ, ಋಣವೂ ಮಗನಿಗೇ ಸಲ್ಲುತ್ತದೆ. ಆ ಮನೆ ಔಷಧದ ಮನೆಯೆಂದು ಹೆಸರಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ವಾರಸುದಾರನೇ ಇಲ್ಲದವನು ತೀರಿಕೊಂಡರೆ ಸಾಲ ಯಾರಿಗೆ ಕೊಡುವುದು? ಅವನು ಕುಳಿತ ಜಾಗಕ್ಕೆ, ಅವನನ್ನು ಇಟ್ಟ ಮಣ್ಣಿಗೆ. ಆ ಮಣ್ಣಿಗೆ ಮೊದಲು ಕಟ್ಟೆ, ಆಮೇಲೆ ಗೋಡೆ, ಆಮೇಲೆ ಶಿಖರ ಬರುತ್ತದೆ. ದಾಸೋಹ ನಡೆಯುತ್ತದೆ, ಭಜನೆಯವರು ಹಾಡು ಕಟ್ಟುತ್ತಾರೆ, ಶಾಸ್ತ್ರಿಗಳು ಪುರಾಣ ಬರೆಯುತ್ತಾರೆ.

ತುಳುನಾಡಿನ ದೇಯಿ ಬೈದೆತಿಯ ಕಥೆ ಇದಕ್ಕೆ ಅಡ್ಡ ಬರುತ್ತದೆ ಎಂದು ತಿಳಿದವರು ಹೇಳಬಹುದು. ಪಡುಮಲೆಯ ಬಲ್ಲಾಳನ ಕಾಲಿಗೆ ನಾಟಿದ ಮುಳ್ಳಿನ ಗಾಯವನ್ನು ತುಂಬು ಬಸುರಿ ದೇಯಿ ಸೊಪ್ಪಿನ ಮದ್ದಿನಿಂದ ವಾಸಿ ಮಾಡಿದಳು; ಅವಳಿಗೆ ಮಕ್ಕಳಿದ್ದರು, ಅವರೇ ಕೋಟಿ-ಚೆನ್ನಯರು. ಹಾಗಿದ್ದೂ ಇಂದು ಪುತ್ತೂರು ತಾಲ್ಲೂಕಿನ ಗೆಜ್ಜೆಗಿರಿಯಲ್ಲಿ ಅವಳಿಗೆ ಪೂಜೆಯಿದೆ, ಅರಣ್ಯ ಇಲಾಖೆಯ ಔಷಧಿವನಕ್ಕೂ ಅವಳದೇ ಹೆಸರಿದೆ. ಆದರೆ ಈ ಕಥೆ ಹಾಡುವ ತುಳು ಪಾಡ್ದನದ ತಿರುವು ಎಲ್ಲಿದೆ ನೋಡಿ. ತಾಯಿಯ ಋಣವನ್ನು ನೆನಪಿಸಿ ಬೆಳೆದ ಮಕ್ಕಳು ತಮ್ಮ ಹಕ್ಕು ಕೇಳಿದಾಗ ಅರಸ ಕೊಡುವುದಿಲ್ಲ. ಮುನಿದು ಪಡುಮಲೆ ಬಿಟ್ಟು ಹೊರಡುತ್ತಾರೆ. ವೈದ್ಯಕ್ಕೆ ಸಲ್ಲಬೇಕಾದದ್ದು ಸಲ್ಲದೆ ಹೋದದ್ದರಿಂದಲೇ ಕಥೆ ಮುಂದೆ ನಡೆಯುತ್ತದೆ. ಅರಸ ತೀರಿಸದ ಸಾಲವನ್ನು ತುಳುನಾಡು ಆ ಮಕ್ಕಳಿಗೆ ಗರಡಿ ಎಂಬ ಗುಡಿಗಳನ್ನು ಕಟ್ಟಿ ಇಂದಿಗೂ ತೀರಿಸುತ್ತಿದೆ.

ಧಾರವಾಡದಿಂದ ಬಹಳ ದೂರದಲ್ಲೂ ಇದೇ ಸೂತ್ರ. ಪೂರ್ವದ ಕ್ರೈಸ್ತರು ಕಾಸ್ಮಸ್, ಡೇಮಿಯನ್ ಎಂಬ ಅವಳಿ ವೈದ್ಯ ಸಂತರಿಗೆ ಇಟ್ಟ ಗ್ರೀಕ್ ಬಿರುದಿನ ಅರ್ಥವೇ ಬೆಳ್ಳಿ ಮುಟ್ಟದವರು ಎಂದು. ವೆನೆಜುವೆಲಾದ ಹಳ್ಳಿಯೊಂದರಿಂದ ಬಂದ ಡಾಕ್ಟರ್ ಹೊಸೆ ಗ್ರೆಗೋರಿಯೊ ಹೆರ್ನಾಂಡೆಸ್ ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡುತ್ತಿದ್ದರು. 1919ರಲ್ಲಿ ಬಡ ರೋಗಿಯೊಬ್ಬರಿಗಾಗಿ ಔಷಧ ತರಲು ಹೋದಾಗ ಕಾರು ಬಡಿದು ಸತ್ತರು. ಜನ ಅವರನ್ನು ಅಂದಿನಿಂದಲೇ ಸಂತನೆಂದು ಪೂಜಿಸಿದರು, ಚರ್ಚು ಒಪ್ಪಿದ್ದು 2025ರಲ್ಲಿ. ಇದಕ್ಕೆ ಎದುರಾಗಿ ಹುಬ್ಬಳ್ಳಿಯನ್ನೇ ಇಡಿ. 1898ರಲ್ಲಿ ಪ್ಲೇಗು ಹೊಕ್ಕಾಗ ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಸಾವಿರಾರು ಜನರಿಗೆ ಚುಚ್ಚಲಾಯಿತು, ಅಸಂಖ್ಯ ಜೀವ ಉಳಿದವು. ಆದರೂ ಹಾಫ್‌ಕಿನ್ ಹೆಸರು ಜನರ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಅದು ಸರ್ಕಾರ ಮಾಡಿದ ಕೆಲಸ, ಸಂಬಳದ ಕೈಗಳು ಮಾಡಿದ ಕೆಲಸ. ಯಾರಿಗೆ ಋಣಿಯಾಗಬೇಕೆಂದು ಹುಬ್ಬಳ್ಳಿಯವರಿಗೆ ಮುಖ ಕಾಣಲಿಲ್ಲ. ಇದು ಆ ಲಸಿಕೆಗೆ ಆದ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಇದೆಲ್ಲ ಅಜ್ಞಾನ, ಆಸ್ಪತ್ರೆ ಬಂದರೆ ಹೋಗುತ್ತದೆ ಎನ್ನುವವರಿಗೆ ಕಾಲವೇ ಉತ್ತರ ಕೊಟ್ಟಿದೆ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 1957ರಲ್ಲಿ. ಜಾತ್ರೆಗಳು ಕರಗಲಿಲ್ಲ. ಆಪರೇಷನ್ ಮುಗಿಸಿಕೊಂಡು ಬಂದವರೇ ಮಠಕ್ಕೆ ಹೋಗಿ ಕಾಯಿ ಒಡೆಸುತ್ತಾರೆ. ಆಸ್ಪತ್ರೆಯ ಬಿಲ್ಲು ಆಸ್ಪತ್ರೆಯ ಲೆಕ್ಕ ಮುಗಿಸುತ್ತದೆ, ಬದುಕಿ ಬಂದ ನೆಮ್ಮದಿಯ ಲೆಕ್ಕವನ್ನು ಮುಗಿಸುವುದಿಲ್ಲ. ಇನ್ನು, ನಾಟಿ ಔಷಧದಿಂದ ಗುಣವಾಗುತ್ತದೆಯೇ ಎಂಬ ಪ್ರಶ್ನೆ ಬೇರೆಯದು, ಅದಕ್ಕೆ ನೇರ ಉತ್ತರ ಕೊಡಬೇಕು. ಕಲುಷಿತ ನೀರಿನಿಂದ ಬರುವ ಕಾಮಣಿ ಬಹಳ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೆಮ್ಮಣ್ಣು ಬಳಿಸಿಕೊಳ್ಳುವ ಸರ್ಪಸುತ್ತೂ ಹಾಗೆಯೇ. ಕಚ್ಚಿದ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡುವುದಿಲ್ಲ. ಹಾಗೆ ಉಳಿದವರೆಲ್ಲ ಕೈಗುಣದ ಸಾಕ್ಷಿಗಳಾಗುತ್ತಾರೆ. ಉಳಿಯದವರು ಸಾಕ್ಷಿ ಹೇಳಲು ಬರುವುದಿಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂದು ಅಧ್ಯಯನ ಲೆಕ್ಕ ಹಾಕಿದೆ. ಅವರಲ್ಲಿ ಮಂತ್ರದ ಮನೆಯ ಕಟ್ಟೆಯ ಮೇಲೆ ಗಳಿಗೆ ಕಳೆದವರು ಎಷ್ಟೋ ಮಂದಿ. ಕಡಿತವಾದವನನ್ನು ಮೊದಲು ಒಯ್ಯಬೇಕಾದದ್ದು ವಿಷನಿರೋಧಕ ಚುಚ್ಚುಮದ್ದು ಇರುವಲ್ಲಿಗೆ, ಹರಕೆ ಆಮೇಲೂ ಹೊರಬಹುದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸಿದ್ಧಾರೂಢರು ಅದ್ವೈತ ಬೋಧಿಸಿದವರು, ಶರೀಫರು ದೇಹವನ್ನೇ ರೂಪಕ ಮಾಡಿಕೊಂಡು ತತ್ವ ಹಾಡಿದವರು, ನಾಗಲಿಂಗರು ಜಾತಿ-ಮತದ ಗೆರೆ ಅಳಿಸಿದವರು. ಅವರನ್ನು ಬೇನೆ-ಬೇಸರಿಕೆಯ ಲೆಕ್ಕಕ್ಕೆ ಇಳಿಸುವುದು ಸಣ್ಣತನವಲ್ಲವೇ? ಅವರು ಹೇಳಿದ್ದು ಅದನ್ನೇ, ಒಪ್ಪಿದೆ. ಜನ ಹೊತ್ತು ತಂದದ್ದು ಮಾತ್ರ ಕೆಮ್ಮುವ ಕೂಸನ್ನು, ಬತ್ತಿದ ಮೊಲೆಯನ್ನು, ಮಾಯದ ಹುಣ್ಣನ್ನು. ತತ್ವ ಕೇಳಿದವರು ಶಿಷ್ಯರಾದರು, ನೂರಕ್ಕೆ ಒಬ್ಬರೋ ಇಬ್ಬರೋ. ಉಳಿದವರು ಒಕ್ಕಲಾದರು. ಮಠ ನೂರೈವತ್ತು ವರ್ಷ ನಿಂತದ್ದು, ಆ ತತ್ವ ನಮ್ಮವರೆಗೆ ಬಂದದ್ದು ಈ ಒಕ್ಕಲುಗಳ ಜೋಳದ ಚೀಲದ ಮೇಲೆ. ರೊಕ್ಕ ಸುಲಿಯುವ ಕಪಟಿಗಳೂ ಇದ್ದಾರಲ್ಲ ಎಂದರೆ ಇದ್ದಾರೆ, ಹಣ ಮಾಡುತ್ತಾರೆ, ಆಸ್ತಿ ಮಾಡುತ್ತಾರೆ. ಅವರ ಋಣ ಅವತ್ತೇ ತೀರಿಹೋಗಿರುವುದರಿಂದ ಅವರ ಕಥೆ ಹೇಳುವ ಹಂಗು ಯಾರಿಗೂ ಇರುವುದಿಲ್ಲ.

ನವಲಗುಂದದ ಮಠದಲ್ಲಿ ಒಂದು ಬೈಬಲ್ ಇದೆ. ನಾಗಲಿಂಗಜ್ಜ ಅದರ ಹಾಳೆಗಳಲ್ಲಿ ತೂತು ಕೊರೆದು, ಈ ತೂತು ಮುಚ್ಚಿಕೊಂಡ ದಿನ ನಾನು ಮತ್ತೆ ಹುಟ್ಟಿ ಬರುತ್ತೇನೆ ಎಂದರಂತೆ. ಅದು ಮೆಲ್ಲಗೆ ಮುಚ್ಚುತ್ತ ಬಂದಿದೆ ಎಂದು ಭಕ್ತರು ಹೇಳುತ್ತಾರೆ. ಕಾಗದದ ತೂತಿನ ಬಗ್ಗೆ ಅವರು ಆಡುವ ಈ ಮಾತು ಗಾಯದ ಬಗ್ಗೆ ಆಡುವ ಮಾತಿನ ಹಾಗಿದೆ: ಅಂಚು ಕೂಡುತ್ತಿದೆ, ಇನ್ನಷ್ಟು ಉಳಿದಿದೆ, ಒಂದಲ್ಲ ಒಂದು ದಿನ ಪೂರ್ತಿ ಮಾಯುತ್ತದೆ. ಎಷ್ಟೋ ಜನರ ಹುಣ್ಣು ಮಾಯಿಸಿದನೆಂದು ಹೆಸರಾದ ಅಜ್ಜ ತಿರುಗಿ ಬರುವ ತನಕ ಆ ಪುಸ್ತಕವನ್ನು ಕಾಯ್ದುಕೊಂಡು ಬರುವ ಸರದಿ ಈಗ ಅವರ ಒಕ್ಕಲುಗಳದು.