ನಿಮಗಿದು ಗೊತ್ತೆ? ಕೀಟೋದಲ್ಲಿ ತೂಕ ಇಳಿಯಲು ತಾಳ್ಮೆ ಬೇಕು

ಕೀಟೋ ಆಹಾರಕ್ರಮ ಹುಟ್ಟಿದ್ದು ತೂಕ ಇಳಿಸಲು ಅಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅಪಸ್ಮಾರದ ಚಿಕಿತ್ಸೆಗಾಗಿ ಇದನ್ನು ಸೂಚಿಸಿದರು.

ಇದರಲ್ಲಿ ದಿನಕ್ಕೆ ಸಾಮಾನ್ಯವಾಗಿ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್ ಮಾತ್ರ. ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂಥ ಜೋಳದ ರೊಟ್ಟಿಯ ಊರಿನಲ್ಲಿ ಇದು ಕಠಿಣ ವ್ರತವೇ ಸರಿ: 50 ಗ್ರಾಂ ಹಿಟ್ಟಿನ ಒಂದೇ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಇರುತ್ತದೆ.

ಮೊದಲ ವಾರ ತೂಕ ಸರಸರನೆ ಇಳಿಯುತ್ತದೆ. ಆದರೆ ಹೋಗುವುದು ಹೆಚ್ಚಾಗಿ ನೀರು. ದೇಹ ಕಾರ್ಬೋಹೈಡ್ರೇಟನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ; ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಗ್ಲೈಕೋಜನ್ ಖರ್ಚಾದಂತೆ ಆ ನೀರೂ ಹೊರಹೋಗುತ್ತದೆ.

ಆಮೇಲೆ ಇಳಿಕೆ ನಿಧಾನವಾದರೆ ಎದೆಗುಂದಬೇಡಿ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿಯಿದೆ. ದಿನಕ್ಕೆ 500 ಕಿಲೋಕ್ಯಾಲೊರಿ ಕಡಿಮೆ ತಿಂದರೂ ವಾರಕ್ಕೆ ಕರಗುವುದು ಅರ್ಧ ಕಿಲೋಗಿಂತ ಕಡಿಮೆಯೇ. ತೂಕ ಇಳಿದಂತೆ ದೇಹಕ್ಕೆ ಬೇಕಾದ ಶಕ್ತಿಯೂ ತಗ್ಗುವುದರಿಂದ ವೇಗ ಇನ್ನೂ ಕುಗ್ಗುತ್ತದೆ. ಉಪ್ಪು, ನೀರಿನ ಏರುಪೇರಿಗೂ ತಕ್ಕಡಿಯ ಮುಳ್ಳು ಹೊಯ್ದಾಡುತ್ತದೆ. ಹಾಗಾಗಿ ದಿನದ ತೂಕಕ್ಕಿಂತ ತಿಂಗಳ ಲೆಕ್ಕ, ಸೊಂಟದ ಅಳತೆ ನಂಬಿ.

ಎಚ್ಚರಿಕೆ: ಮಧುಮೇಹ ಅಥವಾ ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಕೀಟೋ ಆರಂಭಿಸಲೇಬಾರದು.