ನಲವತ್ತೆಂಟು ಗಂಟೆಯ ಆಚೆಗೆ

2020ರ ಫೆಬ್ರವರಿ 20ರ ನಸುಕಿನಲ್ಲಿ, ಬೆಂಗಳೂರಿನಿಂದ ಎರ್ನಾಕುಳಕ್ಕೆ ಹೊರಟಿದ್ದ ಕೇರಳ ಸಾರಿಗೆ ಬಸ್ಸಿಗೆ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿ ರಸ್ತೆ ವಿಭಜಕ ದಾಟಿ ಬಂದ ಕಂಟೇನರ್ ಲಾರಿ ಅಪ್ಪಳಿಸಿತು. 19 ಮಂದಿ ಸತ್ತರು. ಅಷ್ಟು ದೊಡ್ಡ ಅಪಘಾತವಾದರೆ ಮೂರು ರಾಜ್ಯದ ಪತ್ರಿಕೆಗಳಲ್ಲೂ ಬರುತ್ತದೆ. ಅದೇ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳ ಪಾಳಿ ಬಿಟ್ಟ ಹೊತ್ತಿಗೆ ಪಲ್ಲಡಂ ರಸ್ತೆಯಲ್ಲೋ ಕಾಂಗೇಯಂ ರಸ್ತೆಯಲ್ಲೋ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರ ಸುದ್ದಿ ಅವರ ಬೀದಿ ದಾಟುವುದಿಲ್ಲ.

ತಮಿಳುನಾಡು ಸರ್ಕಾರ 2021ರ ಡಿಸೆಂಬರ್‌ನಲ್ಲಿ ‘ಇನ್ನುಯಿರ್ ಕಾಪ್ಪೋಮ್ – ನಮ್ಮೈ ಕಾಕ್ಕುಂ 48’ ಯೋಜನೆ ತಂದಿತು. ರಾಜ್ಯದ ಗಡಿಯೊಳಗೆ ಯಾರಿಗೇ ರಸ್ತೆ ಅಪಘಾತವಾಗಲಿ, ಅವರು ಯಾವ ರಾಜ್ಯದವರೇ ಆಗಿರಲಿ, ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆ ಉಚಿತ. ಆರಂಭದಲ್ಲಿ ತಲಾ 1 ಲಕ್ಷ ರೂಪಾಯಿ ಮಿತಿಯಿತ್ತು. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಹೋಗುವ ನಮ್ಮವರಿಗೂ, ಅಲ್ಲೇ ತಲೆಮಾರುಗಳಿಂದ ನೆಲೆಸಿ ಮನೆಯೊಳಗೆ ಕನ್ನಡ ಉಳಿಸಿಕೊಂಡಿರುವ ದೇವಾಂಗ ನೇಕಾರರಿಗೂ, ಒಕ್ಕಲಿಗ ಗೌಡರಿಗೂ ಇದರ ನೆರಳು ಉಂಟು. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಮೆದುಳಿಗೆ ಬಿದ್ದ ಪೆಟ್ಟು 48 ಗಂಟೆಯಲ್ಲಿ ಮುಗಿಯುವ ವ್ಯವಹಾರವಲ್ಲ. ಜೀವ ಉಳಿಯಿತು ಎಂದು ಮನೆಯವರು ನಿಟ್ಟುಸಿರು ಬಿಟ್ಟ ಮೇಲೆ ತಿಂಗಳುಗಟ್ಟಲೆ ನಡೆಯುವ ಪುನಶ್ಚೇತನವಿದೆಯಲ್ಲ, ಅಲ್ಲಿಯೂ ಮುಖ್ಯ ಪ್ರಶ್ನೆ ಅದೇ: ಮೆದುಳಿಗೆ ಸಾಕಷ್ಟು ರಕ್ತ ಹೋಗುತ್ತಿದೆಯೇ?

ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡು. ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ಅದಕ್ಕೆ ಸುಮಾರು ಐದನೇ ಒಂದು ಪಾಲು ಬೇಕು. 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ. 10ರ ಕೆಳಗೆ ಇಳಿದು ಹಾಗೇ ಉಳಿದರೆ ಸಾಯುತ್ತವೆ. ಆರೋಗ್ಯವಂತರ ಮೆದುಳು ಈ ಹರಿವನ್ನು ತಾನೇ ಕಾಯ್ದುಕೊಳ್ಳುತ್ತದೆ. ಬಿಪಿ ಇಳಿದಾಗ ಅದರ ರಕ್ತನಾಳಗಳು ಹಿಗ್ಗುತ್ತವೆ, ಏರಿದಾಗ ಕುಗ್ಗುತ್ತವೆ. ಡೆನ್ಮಾರ್ಕಿನ ನೀಲ್ಸ್ ಲ್ಯಾಸನ್ 1959ರಲ್ಲಿ ಈ ಸ್ವಯಂನಿಯಂತ್ರಣದ ಚಿತ್ರವನ್ನು ವೈದ್ಯಲೋಕದ ಮುಂದಿಟ್ಟರು. ತಲೆಗೆ ತೀವ್ರ ಪೆಟ್ಟು ಬಿದ್ದವರಲ್ಲಿ, ಅಂದರೆ ಗ್ಲಾಸ್ಗೊ ಕೋಮಾ ಮಾಪನದಲ್ಲಿ 15ಕ್ಕೆ 8 ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದವರಲ್ಲಿ, ಈ ಸಾಮರ್ಥ್ಯವೇ ಅನೇಕ ವೇಳೆ ಹಾಳಾಗಿರುತ್ತದೆ. ಆಗ ಮೆದುಳಿನ ಹರಿವು ಬಿಪಿಯ ಬೆನ್ನು ಹಿಡಿದು ಏರಿಳಿಯುತ್ತದೆ.

ಐಸಿಯುವಿನಲ್ಲಿ ಇದಕ್ಕೆಲ್ಲ ಕಾವಲಿರುತ್ತದೆ. ಸರಾಸರಿ ರಕ್ತದೊತ್ತಡದಿಂದ ತಲೆಬುರುಡೆಯೊಳಗಿನ ಒತ್ತಡವನ್ನು ಕಳೆದರೆ ಉಳಿಯುವುದೇ ಮೆದುಳಿಗೆ ರಕ್ತ ನೂಕುವ ಬಲ. ಅದನ್ನು 60ರಿಂದ 70 ಮಿ.ಮೀ. ಪಾದರಸದ ನಡುವೆ ಕಾಯ್ದುಕೊಳ್ಳಲು ವೈದ್ಯರು ಹೆಣಗುತ್ತಾರೆ, ಹಾಸಿಗೆಯ ತಲೆಭಾಗವನ್ನು 30 ಡಿಗ್ರಿ ಎತ್ತಿರುತ್ತಾರೆ. ಕಾವಲು ಸಡಿಲವಾಗುವುದು ಅಲ್ಲಿಂದ ವಾರ್ಡಿಗೆ ಬಂದ ಮೇಲೆ, ರೋಗಿಯನ್ನು ಮೊದಲ ಸಲ ಎಬ್ಬಿಸಿ ಕೂರಿಸುವಾಗ.

ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಮೆದುಳು ಹೃದಯಕ್ಕಿಂತ ಸುಮಾರು ಒಂದಡಿ ಮೇಲಿದೆ. ಪಂಪಿನ ಒತ್ತಡ ತಗ್ಗಿದಾಗ ಮೇಲಿನ ಮಹಡಿಯ ನಲ್ಲಿಯೇ ಮೊದಲು ಬತ್ತುವ ಹಾಗೆ, ಕೊರತೆ ಮೊದಲು ತಟ್ಟುವುದು ಅಲ್ಲಿಗೆ. ಸಾಮಾನ್ಯವಾಗಿ ನರಮಂಡಲ ಕ್ಷಣಾರ್ಧದಲ್ಲಿ ನಾಳಗಳನ್ನು ಬಿಗಿಗೊಳಿಸಿ, ಹೃದಯದ ಬಡಿತ ಹೆಚ್ಚಿಸಿ ಸರಿದೂಗಿಸುತ್ತದೆ. ವಾರಗಟ್ಟಲೆ ಮಲಗಿದವರಲ್ಲಿ ರಕ್ತದ ನೀರಿನಂಶವೇ ಕಡಿಮೆಯಾಗಿರುತ್ತದೆ, ಕಾಲಿನ ಸ್ನಾಯುಗಳು ಕರಗಿರುತ್ತವೆ, ಪೆಟ್ಟು ತಿಂದ ನರಮಂಡಲವೂ ಮಂದ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನ ಬಿಪಿ 10 ಇಳಿದರೆ ವೈದ್ಯರು ಅದನ್ನು ಎಚ್ಚರಿಕೆಯ ಗಂಟೆ ಎಂದೇ ನೋಡುತ್ತಾರೆ.

ಅದಕ್ಕೇ ಟಿಲ್ಟ್ ಟೇಬಲ್. ರೋಗಿಯನ್ನು ಅದರ ಮೇಲೆ ಮಲಗಿಸಿ ಮಂಡಿಗೆ, ಸೊಂಟಕ್ಕೆ, ಎದೆಗೆ ಅಗಲವಾದ ಬೆಲ್ಟು ಬಿಗಿಯುತ್ತಾರೆ. ಪಾದಗಳು ಹಲಗೆಗೆ ಚಪ್ಪಟೆಯಾಗಿ ಒತ್ತಿರಬೇಕು. ಕಾಲಿಗೆ ಕ್ರೇಪ್ ಬ್ಯಾಂಡೇಜು, ಕೆಲವರಿಗೆ ಹೊಟ್ಟೆಗೂ ಪಟ್ಟಿ. ಮಲಗಿದಲ್ಲೇ ಬಿಪಿ ನೋಡಿ ಬರೆದುಕೊಂಡು ಟೇಬಲ್ಲನ್ನು 30 ಡಿಗ್ರಿಗೆ ಎತ್ತುತ್ತಾರೆ, ಕಾಯುತ್ತಾರೆ, ಮತ್ತೆ ಬಿಪಿ. ತಡೆದುಕೊಂಡರೆ 45, ಆಮೇಲೆ 60. ಪ್ರಜ್ಞೆ ಪೂರ್ತಿ ಮರಳದ ರೋಗಿಗೆ ‘ತಲೆ ಸುತ್ತುತ್ತಿದೆ’ ಎಂದು ಹೇಳುವ ಬಾಯಿಲ್ಲ. ಹಾಗಾಗಿ ಫಿಸಿಯೋ ಮುಖವನ್ನೇ ಓದಬೇಕು. ತುಟಿ ಬಿಳಿಚುವುದು, ಹಣೆಯಲ್ಲಿ ತಣ್ಣನೆಯ ಬೆವರು, ಮೇಲಿಂದ ಮೇಲೆ ಆಕಳಿಕೆ, ಅಲ್ಲಿಯವರೆಗೆ ನೆಟ್ಟಿದ್ದ ದೃಷ್ಟಿ ತೇಲಿಹೋಗುವುದು. ‘ಇವತ್ತು ಫಿಸಿಯೋಗೆ ಸಹಕರಿಸಲಿಲ್ಲ’ ಎಂದು ಕೇಸ್‌ಶೀಟಿನಲ್ಲಿ ಬರೆದುಬಿಡುವ ಮುಂಚೆ, ಆ ಹೊತ್ತಿನ ಬಿಪಿ ಎಷ್ಟಿತ್ತು ಎಂದು ಕೇಳುವುದು ನ್ಯಾಯ. ಸೋಮಾರಿತನವೆಂದೋ ಪ್ರಜ್ಞೆ ಮಂಕಾಗಿದೆಯೆಂದೋ ತೋರುವುದು ರಕ್ತ ಸಾಲದ ಮೆದುಳೂ ಇರಬಹುದು.

ಹೊರಗಿನಿಂದಲೇ ಹರಿವನ್ನು ಗಮನಿಸುವ ಉಪಾಯವೂ ಇದೆ. 1982ರಲ್ಲಿ ನಾರ್ವೆಯ ರೂನೆ ಆಸ್ಲಿಡ್ ಕಣತಲೆಯ ತೆಳು ಮೂಳೆಯ ಮೂಲಕ ಶ್ರವಣಾತೀತ ತರಂಗ ಹಾಯಿಸಿ ಮೆದುಳಿನ ಮಧ್ಯದ ಅಪಧಮನಿಯಲ್ಲಿ ರಕ್ತದ ವೇಗ ಅಳೆದು ತೋರಿಸಿದರು. ಎಷ್ಟು ಬೇಗ ಎಬ್ಬಿಸಬೇಕು ಎಂಬುದು ಬೇರೆ ಪ್ರಶ್ನೆ. ಡೆನ್ಮಾರ್ಕಿನ ಸಂಶೋಧಕರು ಮೆದುಳಿಗೆ ತೀವ್ರ ಗಾಯವಾದವರನ್ನು, ಕಾಲುಗಳನ್ನು ಹೆಜ್ಜೆಯಂತೆ ಆಡಿಸುವ ಟಿಲ್ಟ್ ಟೇಬಲ್ ಮೇಲೆ ಬೇಗನೆ ಎಬ್ಬಿಸಿ ನೋಡಿದ್ದಾರೆ. ಆ ಸಣ್ಣ ಪ್ರಯೋಗದಿಂದ ಇದು ಮಾಡಬಹುದಾದ ಕೆಲಸ ಎಂದಾಯಿತೇ ಹೊರತು ಲಾಭ ಸಿದ್ಧವಾಗಲಿಲ್ಲ. ಪಾರ್ಶ್ವವಾಯು ರೋಗಿಗಳ ಮೇಲೆ ಐದು ದೇಶಗಳಲ್ಲಿ ನಡೆದ ಅವರ್ಟ್ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಅದರಲ್ಲಿ 2,104 ಮಂದಿಯಿದ್ದರು. ಮೊದಲ 24 ಗಂಟೆಯೊಳಗೇ ಶುರುಮಾಡಿ ಹೆಚ್ಚು ಹೆಚ್ಚು ಸಲ ಎಬ್ಬಿಸಲಾದವರ ಚೇತರಿಕೆ, ವಾಡಿಕೆಯ ಆರೈಕೆ ಪಡೆದವರಿಗಿಂತ ಹಿಂದೆ ಬಿತ್ತು. ಹಾಸಿಗೆಯಲ್ಲೇ ಬಿಟ್ಟರೆ ನ್ಯುಮೋನಿಯಾ, ಹಾಸಿಗೆ ಹುಣ್ಣು, ಮಡಚಿಕೊಂಡ ಕೀಲು. ಆತುರಪಟ್ಟರೆ ಮೆದುಳಿಗೆ ರಕ್ತದ ಬರ. ನನ್ನ ಮಟ್ಟಿಗೆ, ದಿನವೂ ಎಬ್ಬಿಸಲೇಬೇಕು, ಆದರೆ ಪ್ರತಿ ಹಂತದಲ್ಲೂ ಅಳೆದು ಎಬ್ಬಿಸಬೇಕು.

ಇನ್ನೊಂದು ಸಂಗತಿ ಮನೆಯವರನ್ನು ಬಹಳ ಹೆದರಿಸುತ್ತದೆ. ಮೆದುಳು ಊದಿಕೊಂಡಾಗ ಶಸ್ತ್ರಚಿಕಿತ್ಸಕರು ತಲೆಬುರುಡೆಯ ಒಂದು ಭಾಗವನ್ನು ತೆಗೆದು, ಅನೇಕ ಕಡೆ ಆ ಮೂಳೆಯನ್ನು ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೇ ಕಾಪಿಡುತ್ತಾರೆ. 2016ರಲ್ಲಿ ಪ್ರಕಟವಾದ, 408 ರೋಗಿಗಳ ಅಧ್ಯಯನದಲ್ಲಿ ಈ ಶಸ್ತ್ರಕ್ರಿಯೆಯಾದವರ ಸಾವು ಆರು ತಿಂಗಳಿಗೆ ಶೇ 26.9, ಔಷಧ ಮಾತ್ರ ಪಡೆದವರಲ್ಲಿ ಶೇ 48.9. ಆದರೆ ಬದುಕಿದವರಲ್ಲಿ ಅರಿವಿಲ್ಲದೆ ಉಳಿದವರೂ, ಪರರನ್ನು ಅವಲಂಬಿಸಿದವರೂ ಹೆಚ್ಚು. ಅವರ ಪಾಲಿಗೆ ಪುನಶ್ಚೇತನವೇ ಉಳಿದ ಅರ್ಧ ಚಿಕಿತ್ಸೆ. ಊತ ಇಳಿದ ಮೇಲೆ ಮೂಳೆಯಿಲ್ಲದ ಜಾಗ ಗುಳಿ ಬೀಳುತ್ತದೆ. ಕೂರಿಸಿದಾಗ ಗುಳಿ ಇನ್ನೂ ಆಳವಾಗಿ, ಹೊರಗಿನ ವಾತಾವರಣದ ಒತ್ತಡ ಮೆದುಳನ್ನು ಅದುಮುತ್ತದೆ, ರಕ್ತ ಹರಿವು ಕುಗ್ಗುತ್ತದೆ. ಮಲಗಿದಾಗ ಚೆನ್ನಾಗಿ ನೋಡುವ ಮಗ ಕೂತ ಕೂಡಲೇ ಮಂಕಾಗುತ್ತಾನೆ ಎಂದರೆ ಇದೂ ಕಾರಣವಿರಬಹುದು. ಮೂಳೆಯನ್ನು ಮತ್ತೆ ಕೂರಿಸಿದ ಮೇಲೆ ಕೆಲವರಲ್ಲಿ ಮಾತು, ಕೈಬಲ ಕೆಲವೇ ದಿನಗಳಲ್ಲಿ ಸುಧಾರಿಸುತ್ತದೆ.

ತಮಿಳುನಾಡಿಗೆ ಪುನಶ್ಚೇತನದ ಪರಂಪರೆ ಹೊಸತಲ್ಲ. 1954ರ ಕಾರು ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲೇ ಕೂತು ಕೆಲಸ ಮಾಡಿ, 1966ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಪುನಶ್ಚೇತನ ಕೇಂದ್ರ ಕಟ್ಟಿದರು. 2021ರ ಆಗಸ್ಟ್‌ನಲ್ಲಿ ನಮ್ಮ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಡಿ ಫಿಸಿಯೋಥೆರಪಿಸ್ಟ್ ಮನೆಬಾಗಿಲಿಗೇ ಬರುತ್ತಾರೆ. ತಿರುಪ್ಪೂರಿನ ಮನೆಗಳು ಇದನ್ನು ಕೇಳಿ ಪಡೆಯಬೇಕು. 48 ಗಂಟೆಯ ವೆಚ್ಚ ಹೊರುವ ಸರ್ಕಾರ ಮುಂದಿನ ತಿಂಗಳುಗಳ ಪುನಶ್ಚೇತನಕ್ಕೂ ಅದೇ ಹೆಸರಿನಲ್ಲಿ ಹಣ ಇಡಬೇಕು. ವೆಂಟಿಲೇಟರಿನ ಪಕ್ಕದಲ್ಲಿಟ್ಟು ನೋಡಿದರೆ ಟಿಲ್ಟ್ ಟೇಬಲ್ ಅಗ್ಗದ ಸಾಧನ.

ಡಿಸ್ಚಾರ್ಜ್ ದಿನ ಮನೆಯವರು ಮಾತ್ರೆಯ ಚೀಟಿಯೊಂದನ್ನೇ ಇಸಿದುಕೊಂಡು ಬರಬಾರದು. ಮಲಗಿದಾಗ, ಕೂತಾಗ ಬಿಪಿ ಎಷ್ಟಿತ್ತು, ಎಷ್ಟು ಇಳಿದರೆ ಮತ್ತೆ ಮಲಗಿಸಬೇಕು, ದಿನಕ್ಕೆ ಎಷ್ಟು ಹೊತ್ತು ಕೂರಿಸಬಹುದು, ಹೊಟ್ಟೆಯಲ್ಲಿಟ್ಟ ಮೂಳೆಯನ್ನು ಯಾವಾಗ ವಾಪಸ್ ಇಡುತ್ತಾರೆ ಎಂಬುದನ್ನೆಲ್ಲ ವೈದ್ಯರ ಕೈಯಲ್ಲೇ ಬರೆಸಿಕೊಳ್ಳಬೇಕು. ಮನೆಗೊಂದು ಬಿಪಿ ಮಿಷನ್ ಕೊಂಡು, ಅದನ್ನು ಬಳಸುವುದನ್ನು ವಾರ್ಡಿನ ನರ್ಸಮ್ಮನ ಹತ್ತಿರ ಅಲ್ಲೇ ಕಲಿತು ಹೊರಡುವುದು ಒಳ್ಳೆಯದು.