ಕೆಮ್ಮುವವರನ್ನೇ ಕೇಳಿದ ಸಂಶೋಧಕರು

ಎರಡು ವಾರದಿಂದ ಕೆಮ್ಮು. ಆಸ್ಪತ್ರೆಗೆ ಹೋದಿರಿ. ಒಂದು ಸೀಸೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಸೀಸೆ ಖಾಲಿಯಾಯಿತು, ಕೆಮ್ಮು ಮಾತ್ರ ಹಾಗೆಯೇ ಉಳಿಯಿತು. ದೇವನೂರು, ಕಡೂರು ಕಡೆಯ ಓದುಗರಿಗೆ ಇದು ಹೊಸ ಕಥೆಯಲ್ಲ. ಅರವತ್ತು ವರ್ಷಗಳ ಹಿಂದೆಯೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಕಂಡು, ಜಗತ್ತಿಗೆ ತಿಳಿಸಿದವರೊಬ್ಬರಿದ್ದರು: ಡಾ. ದೇಬಬರ್ ಬ್ಯಾನರ್ಜಿ.

ಬ್ಯಾನರ್ಜಿ ವೈದ್ಯಕೀಯ ಓದಿದ ಮೇಲೆ ಮಾನವಶಾಸ್ತ್ರವನ್ನೂ ಅಭ್ಯಾಸ ಮಾಡಿದವರು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ ಅಲ್ಲಿಗೆ ಬಂದರು. ಹಳ್ಳಿಯ ಜನ ಅಜ್ಞಾನಿಗಳು, ಮೂಢನಂಬಿಕೆಯವರು, ಕ್ಷಯ ಬಂದರೂ ಆಸ್ಪತ್ರೆಗೆ ಬರುವುದಿಲ್ಲ; ಆದ್ದರಿಂದ ಎಕ್ಸ್‌ರೇ ವಾಹನ ತೆಗೆದುಕೊಂಡು ನಾವೇ ಊರೂರು ಸುತ್ತಿ ರೋಗಿಗಳನ್ನು ಹುಡುಕಬೇಕು ಎಂಬುದು ಆಗಿನ ತಜ್ಞರ ನಂಬಿಕೆ. ರೋಗಿಗಳನ್ನು ಯಾರೂ ಕೇಳಿ ನೋಡಿರಲಿಲ್ಲವೆಂದೇ ಹೇಳಬೇಕು.

ಬ್ಯಾನರ್ಜಿ ಮತ್ತು ಸಂಸ್ಥೆಯಲ್ಲಿದ್ದ ಸ್ಟಿಗ್ ಆಂಡರ್ಸನ್ ಕೇಳಿದರು. ಕ್ಷಯ ಇದ್ದವರಲ್ಲಿ ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂಬುದು ಗೊತ್ತಿತ್ತು. ಅನೇಕರು ಚಿಂತೆಯಲ್ಲಿದ್ದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು! ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಸಿಕ್ಕಿದ್ದು ಕಫ ಪರೀಕ್ಷೆಯಲ್ಲ, ಕೆಮ್ಮಿನ ಔಷಧಿ. ತಪ್ಪು ಹಳ್ಳಿಯವರದಲ್ಲ, ನಮ್ಮ ವೃತ್ತಿಯವರದು. ಈ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಷಯಕ್ಕೆ ಪ್ರತ್ಯೇಕ ದಂಡು ಕಟ್ಟುವ ಬದಲು, ಕೆಮ್ಮಿಕೊಂಡು ಬಂದವರಿಗೆ ಸಮೀಪದ ಆಸ್ಪತ್ರೆಯಲ್ಲೇ ಕಫ ಪರೀಕ್ಷಿಸಿ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮದ ಹಿಂದೆ ಈ ಅಧ್ಯಯನದ ಪಾತ್ರ ದೊಡ್ಡದು.

ಮುಂದೆ ಅವರು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸಾಮಾಜಿಕ ವೈದ್ಯಕೀಯ ಕೇಂದ್ರವನ್ನು ಕಟ್ಟಿದರು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯವನ್ನು ಜಾಗತಿಕ ತುರ್ತುಸ್ಥಿತಿ ಎಂದು ಸಾರಿದ ಮೇಲೆ ಎಲ್ಲ ದೇಶಗಳಿಗೂ ಒಂದೇ ಅಚ್ಚಿನ ಯೋಜನೆ ಬಂದಾಗ, ಜನರನ್ನು ಕೇಳದೆ ಮೇಲಿನಿಂದ ಇಳಿಸಿದ್ದೆಂದು ಕಟುವಾಗಿ ಟೀಕಿಸಿದರು. ಆ ಟೀಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎದುರಿಗೆ ನಿಂತು ಮಾತ್ರೆ ನುಂಗಿಸಿದ್ದರಿಂದ ಉಳಿದ ಜೀವಗಳು ಬಹಳ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು.

ನಾಳೆ ನಿಮ್ಮ ಮನೆ ಬಾಗಿಲಿಗೂ ಸಂಶೋಧನೆಯವರು ಬರಬಹುದು. ರಕ್ತವೋ ಕಫವೋ ಬೇಕೆನ್ನಬಹುದು. ಯಾರು, ಏಕೆ, ಫಲಿತಾಂಶ ನಮಗೆ ತಿಳಿಸುವಿರಾ, ರೋಗ ಕಂಡರೆ ಚಿಕಿತ್ಸೆ ಎಲ್ಲಿ ಎಂದು ಧಾರಾಳವಾಗಿ ಕೇಳಿ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಬೇಡವೆನ್ನುವ ಹಕ್ಕು ನಿಮಗಿದೆ. ಬೇಡವೆಂದ ಮಾತ್ರಕ್ಕೆ ಆಸ್ಪತ್ರೆಯ ಚಿಕಿತ್ಸೆ ತಪ್ಪಿಸುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ: ಇವು ಕಂಡರೆ ಸೀಸೆ ಹಿಡಿದು ಮನೆಗೆ ಮರಳಬೇಡಿ. "ಕಫ ಪರೀಕ್ಷೆ ಮಾಡಿಸಿ ಡಾಕ್ಟರೇ" ಎಂದು ನೀವೇ ಕೇಳಿ. ಪರೀಕ್ಷೆ, ಮಾತ್ರೆ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬೆಳಗ್ಗೆ ಎದ್ದು, ನೀರಿನಿಂದ ಬಾಯಿ ಮುಕ್ಕಳಿಸಿ, ಗಾಳಿಯಾಡುವ ಜಾಗದಲ್ಲಿ ನಿಂತು ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಉಗುಳಿ. ಬರೀ ಎಂಜಲು ಕೊಟ್ಟರೆ ರೋಗಾಣು ಕಾಣದೆ ಹೋಗಬಹುದು.